ಸ್ಪಾಂಜು ಪುಡಿ, ದನಿ ಗಟ್ಟಿ

ಅಮೃತಾಪುರದಲ್ಲಿ, ಅಮೃತೇಶ್ವರ ದೇವಸ್ಥಾನಕ್ಕೆ ಕೂಗಳತೆಯಲ್ಲಿರುವ ಒಂದು ಮನೆ. ಜಗಲಿಯ ಮೇಜಿನ ಮೇಲೆ ಸೋಲ್ಡರಿಂಗ್ ಐರನ್ನು, ಸಣ್ಣ ಸ್ಕ್ರೂಡ್ರೈವರುಗಳು, ಹೊಟ್ಟೆ ಬಿಚ್ಚಿಕೊಂಡು ಕೂತ ಒಂದು ಟೂ ಇನ್ ಒನ್. ಎಪ್ಪತ್ತು ದಾಟಿದ ದೊಡ್ಡಪ್ಪ ರೇಡಿಯೊ, ಟೇಪು ರಿಪೇರಿ ಮಾಡಿ ಸಂಸಾರ ಸಾಕಿದವರು. ಅಂಗಡಿ ಮುಚ್ಚಿ ಬಹಳ ಕಾಲವಾಯಿತು, ಮೇಜನ್ನು ಮಾತ್ರ ಎತ್ತಿಟ್ಟಿಲ್ಲ. ಬೆಂಗಳೂರಿನಿಂದ ಬಂದ ತಮ್ಮನ ಮಗಳು ಬ್ಯಾಗಿಗೆ ಕೈಹಾಕುತ್ತಾಳೆ.

ಹುಡುಗಿ: ಎರಡು ಸಾಮಾನು ತಂದಿದೀನಿ ದೊಡ್ಡಪ್ಪ. ಒಂದು ನಮ್ಮ ಅಟ್ಟದ ಟ್ರಂಕಲ್ಲಿತ್ತು. ಇನ್ನೊಂದು ಅಮೆರಿಕದ ದೊಡ್ಡಪ್ಪ ಮನೆ ಖಾಲಿ ಮಾಡುವಾಗ ಕಳಿಸಿದ್ದು. ಮೊದಲನೇದು ಕ್ಯಾಸೆಟ್ಟು, ಅಷ್ಟು ಗೊತ್ತು. ಈ ಇಟ್ಟಿಗೆ ಥರ ಇರೋದೇನು?

ದೊಡ್ಡಪ್ಪ: ಕೊಡು ಇಲ್ಲಿ. ಅಲ್ಲಾಡಿಸಬೇಡ. ಎಯ್ಟ್‌ಟ್ರ್ಯಾಕ್ ಕಾರ್ಟ್ರಿಜ್ ಕಣೇ ಇದು! ನನ್ನ ಕೈಗೆ ಬಂದಿರೋದು ಇದು ಮೂರನೇದು. ಮೊದಲ ಎರಡು ಕಾಫಿ ತೋಟದ ಧಣಿಯೊಬ್ಬರ ವಿದೇಶಿ ಕಾರಿನ ಜೊತೆ ಬಂದಿದ್ದವು.

ಹುಡುಗಿ: ಬೆಂಗಳೂರಲ್ಲಿ ಒಂದು ಅಂಗಡಿಗೆ ತೋರಿಸಿದೆ. ಹಳೇ ಟೇಪನ್ನ ಕಂಪ್ಯೂಟರಿಗೆ ಇಳಿಸಿಕೊಡ್ತೀವಿ ಅಂತ ಬೋರ್ಡು ಹಾಕಿದ್ರು. ಕ್ಯಾಸೆಟ್ಟನ್ನ ಹಿಂದೆಮುಂದೆ ನೋಡದೆ ಮಿಷನ್ನಿಗೆ ಹಾಕಿದ್ರು. ಅದು ರೀಲು ತಿಂದುಬಿಡ್ತು. ಎಳೆದು ತೆಗೆಯುವಾಗ ಒಂದು ಗೇಣಿನಷ್ಟು ಹಾಳಾಯ್ತು. ಆಮೇಲೆ ಎರಡನ್ನೂ ನನ್ನ ಕೈಗಿಟ್ಟು, ಇವು ಸತ್ತಿವೆ, ಬಿಸಾಕಿ ಅಂದ್ರು.

ದೊಡ್ಡಪ್ಪ: ಸತ್ತಿರೋದು ಯಾವುದು ಅಂತ ಕೇಳಬೇಕಿತ್ತು ನೀನು. ಸತ್ತ ಟೇಪು ಅಂತ ಜನ ತಂದುಕೊಟ್ಟಿದ್ರಲ್ಲಿ ಟೇಪೇ ಸತ್ತಿದ್ದು ನಾನು ನೋಡಿರೋದು ಕಡಿಮೆ. ಸತ್ತಿರೋದು ಕಡಲೆಕಾಳಿನಷ್ಟು ಸ್ಪಾಂಜು, ಒಂದು ಚೂರು ಅಂಟು, ಒಂದು ರಬ್ಬರಿನ ಗಾಲಿ. ಇವಕ್ಕೆಲ್ಲ ಸೇರಿ ಆವತ್ತು ಎಂಟಾಣೆ ಬೆಲೆ ಇತ್ತೋ ಇಲ್ಲವೋ. ದನಿ ಕೂತಿರೋದು ತುಕ್ಕಿನ ಮೇಲೆ, ಪಾಲಿಯೆಸ್ಟರ್ ಪಟ್ಟಿಗೆ ಬಳಿದ ಕಬ್ಬಿಣದ ತುಕ್ಕು. ತುಕ್ಕಿಗೆ ಮತ್ತೆ ತುಕ್ಕು ಹಿಡಿಯುತ್ತೇನೇ?

ಹುಡುಗಿ: ಹಾಗಾದ್ರೆ ಇದು ಹಾಡುತ್ತಾ?

ದೊಡ್ಡಪ್ಪ: ತಡಿ. ಮೇಲೆ ಏನೋ ಬರೆದಿದೆ. ಕನ್ನಡಕ ಕೊಡು. "ಅವ್ವ, ಅಮೃತಾಪುರ, 1978." ಅಯ್ಯೋ ಶಿವನೇ, ಇದನ್ನ ತುಂಬಿದ್ದು ನಾನು! ಇದನ್ನಲ್ಲ, ಆ ಕ್ಯಾಸೆಟ್ಟನ್ನ. ಅದರದ್ದೇ ನಕಲು ಇದು.

ಹುಡುಗಿ: ಅಜ್ಜಿ ದನೀನಾ?

ದೊಡ್ಡಪ್ಪ: ಹೂಂ. ನಿನ್ನ ಅಮೆರಿಕದ ದೊಡ್ಡಪ್ಪ ಮಿಷಿಗನ್ನಿಗೆ ಹೋಗಿ ಎರಡು ವರ್ಷ ಆಗಿತ್ತು, ಕಾರಿನ ಕಾರ್ಖಾನೆ ಕೆಲಸಕ್ಕೆ. ಫೋನು ಮಾಡಬೇಕಂದ್ರೆ ತರೀಕೆರೆಗೆ ಹೋಗಿ ಟ್ರಂಕ್ ಕಾಲ್ ಬುಕ್ ಮಾಡಿ ದಿನಗಟ್ಟಲೆ ಕಾಯಬೇಕು. ಅವ್ವನಿಗೆ ಓದುಬರಹ ಬರದು. ಆಗ ಹೊರದೇಶಕ್ಕೆ ಹೋದವರ ಮನೆಯವರು ಕಾಗದದ ಬದಲು ಕ್ಯಾಸೆಟ್ಟು ತುಂಬಿ ಕಳಿಸ್ತಿದ್ರು, ನಾನೂ ಹಾಗೇ ಮಾಡಿದೆ. ನಿಸಾರ್ ಅಹಮದರ 'ನಿತ್ಯೋತ್ಸವ' ಕ್ಯಾಸೆಟ್ಟಾಗಿ ಬಂತಲ್ಲ, ಮೈಸೂರು ಅನಂತಸ್ವಾಮಿ ರಾಗ ಹಾಕಿದ್ದು, ಅದೇ ವರ್ಷ. ಕವಿಗಳ ಪದ್ಯ ಕ್ಯಾಸೆಟ್ಟಲ್ಲಿ ಬರುತ್ತೆ ಅನ್ನೋದೇ ನಮಗೆಲ್ಲ ದೊಡ್ಡ ಸುದ್ದಿ. ಅವ್ವನ ಮುಂದೆ ಮಿಷನ್ ಇಟ್ಟು ಬೀಸೋ ಪದ ಹೇಳು ಅಂದೆ. ಕಲ್ಲಿಲ್ಲದೆ ಪದ ಬರಲ್ಲ ಕಣೋ ಅಂದ್ಲು. ರಾಗಿ ತಂದು, ಬೀಸೋ ಕಲ್ಲು ಇಟ್ಟುಕೊಂಡು, ಬೀಸ್ತಾ ಬೀಸ್ತಾ ಹಾಡಿದ್ಲು.

ಹುಡುಗಿ: ಕ್ಯಾಸೆಟ್ಟು ಮಿಷಿಗನ್ನಿಗೆ ಹೋಗಿದ್ರೆ ನಮ್ಮ ಅಟ್ಟದ ಮೇಲೆ ಹೇಗೆ ಬಂತು?

ದೊಡ್ಡಪ್ಪ: ಖಾಲಿ ಕ್ಯಾಸೆಟ್ಟು ದುಬಾರಿ ಆಗ. ಕೇಳಿದ ಮೇಲೆ ವಾಪಸ್ ಕಳಿಸು, ಮತ್ತೆ ಅದರ ಮೇಲೇ ತುಂಬಿಸ್ತೀನಿ ಅಂತ ಬರೆದಿದ್ದೆ. ಅವನು ಕಳಿಸಿದ. ಕಳಿಸೋಕೆ ಮುಂಚೆ ತನ್ನ ಕಾರಲ್ಲಿ ಕೇಳೋಕೆ ಈ ಡಬ್ಬಿಗೆ ಇಳಿಸಿಕೊಂಡಿದಾನೆ. ಮನೆಯಲ್ಲೇ ತುಂಬೋ ಎಯ್ಟ್‌ಟ್ರ್ಯಾಕ್ ಮಿಷನ್ನೂ ಅಲ್ಲಿ ಸಿಗ್ತಿದ್ದವು. ಇಲ್ಲಿ ಮಾತ್ರ ಅದರ ಮೇಲೆ ಮತ್ತೊಂದು ತುಂಬಿಸೋಕೆ ನನಗೆ ಕೈ ಬರಲಿಲ್ಲ. ಅದಕ್ಕೇ ಟ್ರಂಕಿಗೆ ಹೋಯ್ತು.

ಹುಡುಗಿ: ಕ್ಯಾಸೆಟ್ಟು ಇದ್ದಮೇಲೆ ಅವರಿಗೆ ಈ ಇಟ್ಟಿಗೆ ಯಾಕೆ ಬೇಕಿತ್ತು?

ದೊಡ್ಡಪ್ಪ: ಕಾರಿಗೆ. ಲಿಯರ್‌ಜೆಟ್ ಅಂತ ಸಣ್ಣ ವಿಮಾನ ಇದೆಯಲ್ಲ, ಅದರ ಯಜಮಾನ ಬಿಲ್ ಲಿಯರ್ 1964ರಲ್ಲಿ ಇದನ್ನ ಮಾಡಿಸಿದ. ಫೋರ್ಡ್ ಕಂಪನಿ 1966ರ ಮಾಡೆಲ್ ಕಾರುಗಳಿಗೆ ಇದರ ಪ್ಲೇಯರ್ ಕೂರಿಸಿ ಕೊಡ್ತು. ಅದಕ್ಕೂ ಮುಂಚೆ, 1963ರಲ್ಲೇ, ಫಿಲಿಪ್ಸ್‌ನವರು ಬರ್ಲಿನ್ನಿನಲ್ಲಿ ಕ್ಯಾಸೆಟ್ಟು ತೋರಿಸಿದ್ರು. ಆದ್ರೆ ಅದನ್ನ ಜನ ಮಾತು ತುಂಬೋ ಸಾಮಾನು ಅಂದುಕೊಂಡ್ರು, ಹಾಡಿಗಲ್ಲ. ಎಯ್ಟ್‌ಟ್ರ್ಯಾಕ್‌ನಲ್ಲಿ ಬದಿ ತಿರುವಿ ಹಾಕೋದಿಲ್ಲ, ಹಿಂದಕ್ಕೆ ಸುತ್ತೋದಿಲ್ಲ. ಒಂದು ಕೈ ಸ್ಟಿಯರಿಂಗ್ ಮೇಲೆ, ಇನ್ನೊಂದು ಕೈಲಿ ತಳ್ಳಿದ್ರೆ ಆಯ್ತು, ಹಾಡ್ತಾನೇ ಇರುತ್ತೆ. ಆಮೇಲೆ ಕ್ಯಾಸೆಟ್ಟಿನ ದನಿ ಸುಧಾರಿಸ್ತು, ಗಾತ್ರವೂ ಚಿಕ್ಕದು. ಎಂಬತ್ತರ ದಶಕ ಅರ್ಧ ಆಗೋದ್ರೊಳಗೆ ಅಲ್ಲಿನ ಅಂಗಡಿಗಳಲ್ಲಿ ಎಯ್ಟ್‌ಟ್ರ್ಯಾಕ್ ಇಲ್ಲ. ನಮ್ಮ ಕಡೆ ಅದು ಬೇರು ಬಿಡಲೇ ಇಲ್ಲ. ನಾವು ರೇಡಿಯೊ ಬಿಟ್ಟು ನೇರವಾಗಿ ಟೂ ಇನ್ ಒನ್‌ಗೆ ಹಾರಿದವರು.

ಹುಡುಗಿ: ಪ್ಲೇಯರನ್ನೂ ಕಳಿಸಿದಾರೆ, ಎರಡು. ಒಂದು ಮನೇದು, ಒಂದು ಕಾರಿಂದು. ಗಾಡೀಲಿದೆ. ಈಗಲೇ ಹಾಕಿ ಕೇಳೋಣ?

ದೊಡ್ಡಪ್ಪ: ಬೆಂಗಳೂರಿನವನು ಮಾಡಿದ್ದೂ ಇದನ್ನೇ ಅಲ್ವೇನೇ! ಹಳೇ ಟೇಪಿಗೆ ಮೊದಲ ಓಟವೇ ಕೊನೇ ಓಟ ಅಂದ್ಕೊಂಡು ಕೆಲಸ ಮಾಡಬೇಕು. ಇಲ್ಲಿ ಬಾಯಿ ನೋಡು. ಕಂದು ಬಣ್ಣದ ಟೇಪು ಕಾಣುತ್ತಲ್ಲ, ಅದನ್ನ ಮೆಲ್ಲಗೆ ಎಳೀತೀನಿ. ಎಳೆಯೋದು ರೋಲರ್ ಇರೋ ಕಡೆಗೆ ಮಾತ್ರ, ಟೇಪು ಓಡೋ ದಿಕ್ಕಿಗೆ. ಹಿಂದಕ್ಕೆ ಎಳೆದ್ರೆ ಒಳಗೆ ಗಂಟು. ದೇವಸ್ಥಾನದ ಪ್ರದಕ್ಷಿಣೆ ಇದ್ದ ಹಾಗೆ, ಒಂದೇ ದಿಕ್ಕು.

ಹುಡುಗಿ: ನಮ್ಮ ದೇವಸ್ಥಾನದಲ್ಲಿ ರಾಮಾಯಣ ಉಲ್ಟಾ ಇದೆಯಲ್ಲ ದೊಡ್ಡಪ್ಪ.

ದೊಡ್ಡಪ್ಪ: ಪರವಾಗಿಲ್ವೇ, ನೆನಪಿಟ್ಟಿದೀಯ. ಹೌದು, ದಕ್ಷಿಣದ ಗೋಡೆಯ ಎಪ್ಪತ್ತು ಫಲಕದಲ್ಲಿ ರಾಮಾಯಣ ಎಡಕ್ಕೆ ಸುತ್ತುತ್ತೆ. ಉತ್ತರದಲ್ಲಿ ಕೃಷ್ಣನ ಕಥೆ ಇಪ್ಪತ್ತೈದು, ಭಾರತ ನಲವತ್ತೈದು, ಅವು ನೆಟ್ಟಗೆ ಬಲಕ್ಕೆ. ಶಿಲ್ಪಿಗೆ ಹಾಗೆ ಮಾಡೋ ಹಕ್ಕಿತ್ತು, ನಮಗಿಲ್ಲ. ಹಾಂ, ಬಂತು ನೋಡು! ಬೆಳ್ಳಿ ಬಣ್ಣದ ಒಂದಿಂಚು ತಗಡು. ಇದೇ ಇಡೀ ಡಬ್ಬಿಯ ಬೀಗದ ಕೈ.

ಹುಡುಗಿ: ಏನದು?

ದೊಡ್ಡಪ್ಪ: ಟೇಪಿನ ಎರಡು ತುದಿ ಸೇರಿಸಿ ಬಳೆ ಥರ ಮಾಡಿದಾರೆ. ಆ ಬೆಸುಗೆ ಮೇಲೆ ಈ ಲೋಹದ ಹಾಳೆ. ಪ್ಲೇಯರಲ್ಲಿ ಟೇಪು ಓದೋ ಹೆಡ್ಡಿನ ಪಕ್ಕ ಎರಡು ಮೊಳೆ ಇರ್ತವೆ. ಹಾಳೆ ಅದಕ್ಕೆ ತಗುಲಿದ ತಕ್ಷಣ ಕರೆಂಟು ಹರಿದು, ಒಳಗಿನ ಸೊಲೆನಾಯ್ಡ್ ಟಕ್ ಅಂತ ಹೊಡೆದು, ಹೆಡ್ಡನ್ನ ಒಂದು ಮೆಟ್ಟಿಲು ಸರಿಸುತ್ತೆ. ಕಾಲಿಂಚು ಅಗಲದ ಟೇಪಲ್ಲಿ ಎಂಟು ಸಾಲು. ಸ್ಟೀರಿಯೊಗೆ ಎರಡೆರಡು ಸಾಲು, ಅಂದ್ರೆ ನಾಲ್ಕು ಸುತ್ತು ಹಾಡು. ಒಂದೊಂದು ಸಾಲಿನ ಅಗಲ ಅರ್ಧ ಮಿಲಿಮೀಟರು. ನೋಡ್ತಾ ಇರು, ನಾನು ಉಗುರು ತಾಗಿಸಿದ್ದಕ್ಕೇ ಹಾಳೆ ಎದ್ದು ಬಂತು. ಕೆಳಗಿನ ಅಂಟು ಒಣಗಿ ಹಪ್ಪಳ ಆಗಿದೆ. ಹೀಗೇ ಮಿಷನ್ನಿಗೆ ತಳ್ಳಿದ್ದಿದ್ರೆ ಮೊದಲನೇ ಸುತ್ತಲ್ಲೇ ಬಿಟ್ಟುಕೊಂಡು, ಒಂದು ತುದಿ ಡಬ್ಬಿಯೊಳಗೆ ನುಂಗಿಹೋಗ್ತಿತ್ತು.

ಹುಡುಗಿ: ಈಗ ಅಂಟಿಸಿದ್ರೆ ಮುಗೀತಾ?

ದೊಡ್ಡಪ್ಪ: ಬಿಚ್ಚಿಯೇ ನೋಡೋಣ. ಇದಕ್ಕೆ ಸ್ಕ್ರೂ ಇಲ್ಲ. ಅಂಚಲ್ಲಿ ಕೊಕ್ಕೆಗಳಿವೆ, ತೆಳ್ಳನೆ ಬ್ಲೇಡು ತೂರಿಸಿ ಒಂದೊಂದೇ ಬಿಡಿಸಬೇಕು. ಅವಸರ ಮಾಡಿದ್ರೆ ಪ್ಲಾಸ್ಟಿಕ್ಕು ಚಟ್ ಅಂತ ಮುರಿಯುತ್ತೆ, ಐವತ್ತು ವರ್ಷದ ಮಾಲು. ಆಯ್ತು. ಮೇಲಿನ ಮುಚ್ಚಳ ನೆಟ್ಟಗೆ ಎತ್ತು. ಓರೆ ಮಾಡಬೇಡ, ಸುರುಳಿ ಮೇಲೇಳುತ್ತೆ.

ಹುಡುಗಿ: ಒಂದೇ ಚಕ್ರ! ಕ್ಯಾಸೆಟ್ಟಲ್ಲಿ ಎರಡಿರ್ತವಲ್ಲ.

ದೊಡ್ಡಪ್ಪ: ಇದರ ಚಮತ್ಕಾರ ಇರೋದೇ ಅಲ್ಲಿ. ಸುರುಳಿಯ ಒಳಗಿನ ಸುತ್ತಿಂದ, ನಡುಮಧ್ಯದಿಂದ, ಟೇಪು ಮೇಲೆದ್ದು ಹೊರಗೆ ಬರುತ್ತೆ. ಬಾಯಿ ಹತ್ರ ಹಾದು, ಹಾಡಿ, ತಿರುಗಿ ಹೋಗಿ ಹೊರಗಿನ ಸುತ್ತಿಗೆ ಸೇರಿಕೊಳ್ಳುತ್ತೆ. ಕಣದಲ್ಲಿ ಮೇಟಿಗೆ ಎತ್ತು ಕಟ್ಟಿ ತುಳಿಸ್ತಿದ್ದದ್ದು ನೀನು ನೋಡಿಲ್ಲ. ಮೇಟಿ ಪಕ್ಕದ ಎತ್ತು ನಿಂತಲ್ಲೇ ತಿರುಗಿದ ಹಾಗಿರುತ್ತೆ, ಹೊರಗಿನದು ಓಡಬೇಕು. ಇಲ್ಲೂ ಅಷ್ಟೇ, ಒಳಸುತ್ತು ಗಿಡ್ಡ, ಹೊರಸುತ್ತು ಉದ್ದ. ಚಕ್ರ ಒಂದು ಸಲ ತಿರುಗಿದ್ರೆ ಒಳಗಿಂದ ಹೋಗೋದು ಒಂದಳತೆ, ಹೊರಗೆ ಬಂದು ಸೇರೋಕೆ ಬೇಕಾದ್ದು ಇನ್ನೊಂದಳತೆ. ಲೆಕ್ಕ ಸರಿಹೋಗಬೇಕಂದ್ರೆ ಪ್ರತಿ ಸುತ್ತೂ ಪಕ್ಕದ ಸುತ್ತಿನ ಮೇಲೆ ಜಾರ್ತಾ ಇರಬೇಕು. ಅದಕ್ಕೇ ಟೇಪಿನ ಬೆನ್ನಿಗೆ ಗ್ರಾಫೈಟು ಬಳಿದಿರೋದು. ಇಲ್ಲಿ ಮುಟ್ಟು.

ಹುಡುಗಿ: ಬೆರಳಿಗೆ ಪೆನ್ಸಿಲ್ ಸೀಸದ ಥರ ಹತ್ಕೊಳ್ತು.

ದೊಡ್ಡಪ್ಪ: ಇನ್ನೂ ಹತ್ತುತ್ತೆ ಅಂದ್ರೆ ಜೀವ ಇದೆ ಅಂತ. ಇದನ್ನ ಸ್ಪಿರಿಟ್ ಹಾಕಿ ಒರೆಸಬಾರದು. ಚೊಕ್ಕ ಮಾಡ್ತೀನಿ ಅಂತ ಹೋದವರು ಜಾರಿಕೆ ತೆಗೆದುಬಿಡ್ತಾರೆ, ಆಮೇಲೆ ಸುರುಳಿ ಬಿಗಿದು ನಿಂತುಹೋಗುತ್ತೆ. ಮರುಬೆಸುಗೆ ಹಾಕುವಾಗ್ಲೂ ಅದೇ ಭಯ. ಕೊಂಚ ಬಿಗಿಯಾದ್ರೆ ತಿರುಗಲ್ಲ. ಸಡಿಲ ಬಿಟ್ರೆ ಕರುಳು ಹೊರಗೆ ಬಂದ ಹಾಗೆ ಟೇಪು ಬಾಯಲ್ಲಿ ಬರುತ್ತೆ. ಎಷ್ಟು ಸಡಿಲ ಬಿಡಬೇಕು ಅನ್ನೋಕೆ ಅಳತೆಪಟ್ಟಿ ಇಲ್ಲ. ಕೈಲಿ ಚಕ್ರ ತಿರುಗಿಸಿ ನೋಡ್ತಾ, ಹೊರಗಿನ ತುದಿ ಮೆಲ್ಲಗೆ ಜಗ್ಗಿ ಹದಕ್ಕೆ ತರೋದು.

ಹುಡುಗಿ: ಇಲ್ಲೇನೋ ಪುಡಿಪುಡಿ ಬಿದ್ದಿದೆ. ಬೆಲ್ಲದ ಪಾಕ ಆರಿದ ಹಾಗೆ ಅಂಟಂಟು.

ದೊಡ್ಡಪ್ಪ: ಅದೇ ಕಣೇ ಸತ್ತಿರೋದು. ಟೇಪನ್ನ ಹೆಡ್ಡಿಗೆ ಒತ್ತಿ ಹಿಡಿಯೋಕೆ ಇಲ್ಲಿ ಎರಡು ಸ್ಪಾಂಜಿನ ದಿಂಬಿದ್ದವು. ಸ್ಪಾಂಜು ಎಲ್ಲಿ ಬದುಕುತ್ತೆ ಇಷ್ಟು ವರ್ಷ? ಅದು ಹೋದ್ರೆ ಟೇಪು ಹೆಡ್ಡಿಗೆ ತಾಗಲ್ಲ. ದನಿ ಬಾವಿಯೊಳಗಿಂದ ಬಂದ ಹಾಗೆ, ಇಲ್ಲ ಬರೋದೇ ಇಲ್ಲ. ಜನ ಟೇಪು ಹಾಳಾಯ್ತು ಅಂತಾರೆ. ಈ ಗಲೀಜನ್ನ ಕಡ್ಡಿಗೆ ಹತ್ತಿ ಸುತ್ತಿ ಪೂರ್ತಿ ಕೆರೆದು ತೆಗಿ. ಸ್ಪಾಂಜಿನ ಮೇಲೆ ಒಂದು ನುಣುಪು ಹಾಳೆ ಇತ್ತು, ಅದನ್ನ ಬಿಸಾಕಬೇಡ, ಹೊಸ ಸ್ಪಾಂಜಿಗೆ ಅದನ್ನೇ ಹೊದಿಸೋದು.

ಹುಡುಗಿ: ಹೊಸ ಸ್ಪಾಂಜು ಎಲ್ಲಿಂದ ತರ್ತೀರಿ?

ದೊಡ್ಡಪ್ಪ: ತರೀಕೆರೆ ಹಾರ್ಡ್‌ವೇರ್ ಅಂಗಡಿ. ಕಿಟಕಿ ಸಂದಿಗೆ ಅಂಟಿಸೋ ಫೋಮ್ ಪಟ್ಟಿ ಬರುತ್ತೆ, ಹಿಂದುಗಡೆ ಅಂಟು ಇರೋದು. ಅಮೆರಿಕದಲ್ಲಿ ಇದನ್ನ ರಿಪೇರಿ ಮಾಡೋ ಹುಚ್ಚಿರೋರು ಬಳಸೋದೂ ಅದನ್ನೇ ಅಂತೆ. ಒಂದು ಪಟ್ಟಿಲಿ ಇಂಥ ಐವತ್ತು ಡಬ್ಬಿ ಮಾಡಬಹುದು, ಆದ್ರೆ ಊರಲ್ಲಿರೋದು ಒಂದೇ ಡಬ್ಬಿ! ಬೆಸುಗೆಗೆ ಹಿಂದುಗಡೆ ಸ್ಪ್ಲೈಸಿಂಗ್ ಟೇಪು, ಅದು ನನ್ನ ಡ್ರಾಯರಲ್ಲಿದೆ. ಹೆಡ್ಡಿಗೆ ಮುಖ ಮಾಡಿರೋ ಬದಿಗೆ ಲೋಹದ ಹಾಳೆ. ಫ್ರಿಜ್ ರಿಪೇರಿಯವರ ಹತ್ರ ಅಲ್ಯೂಮಿನಿಯಂ ಟೇಪಿರುತ್ತೆ. ಕೊಂಚ ದಪ್ಪ, ಬಿಸಿಲು ಕಾಲಕ್ಕೆ ಅಂಟು ಹೊರಗೆ ಇಳಿಯುತ್ತೆ. ಆದ್ರೆ ನಮಗೆ ಬೇಕಿರೋದು ಎರಡು ಮೂರು ಓಟ. ಟೇಪಿಗಿಂತ ಕೂದಲೆಳೆ ಕಮ್ಮಿ ಅಗಲಕ್ಕೆ ಕತ್ತರಿಸಿದ್ರೆ ಸಾಕು.

ಹುಡುಗಿ: ಸೆಲ್ಲೊಟೇಪ್ ಆಗಲ್ವಾ?

ದೊಡ್ಡಪ್ಪ: ಆ ಹೆಸರೇ ಎತ್ತಬೇಡ. ನನ್ನ ಅರ್ಧ ಆಯಸ್ಸು ಸೆಲ್ಲೊಟೇಪು ಕೀಳೋದ್ರಲ್ಲೇ ಹೋಗಿದೆ. ಗುರುರಾಜುಲು ನಾಯ್ಡು ಹರಿಕಥೆ ಕ್ಯಾಸೆಟ್ಟುಗಳು ಒಂದು ಕಾಲದಲ್ಲಿ ಮನೆಮನೇಲಿದ್ದವು. ಹಚ್ಚಿ ಹಚ್ಚಿ ಹರಿಯೋದು, ಸೆಲ್ಲೊಟೇಪ್ ಹಾಕೋದು, ಅಂಟು ಸೋರಿ ಪಕ್ಕದ ಸುತ್ತಿಗೆ ಹತ್ತಿ ಮತ್ತೆ ಹರಿಯೋದು. ಇನ್ನು ಕೆಲವರು ಉಗುರುಬಣ್ಣ ಹಚ್ಚೋರು. ಒಬ್ಬ ಮಹಾನುಭಾವ ಸುಕ್ಕಾದ ರೀಲಿಗೆ ಇಸ್ತ್ರಿ ಹಾಕಿಕೊಂಡು ಬಂದಿದ್ದ. ಸುಕ್ಕು ಹೋಗಿತ್ತು, ಜೊತೆಗೆ ಹರಿಶ್ಚಂದ್ರನೂ ಹೋಗಿದ್ದ.

ಹುಡುಗಿ: ಈ ರಬ್ಬರ್ ಗಾಲಿ?

ದೊಡ್ಡಪ್ಪ: ಉಗುರಲ್ಲಿ ಒತ್ತಿ ನೋಡಿದೆ, ಇದು ಗಟ್ಟಿ ಪ್ಲಾಸ್ಟಿಕ್ಕು, ನಮ್ಮ ಪುಣ್ಯ. ಮೊದಮೊದಲ ಕಾರ್ಟ್ರಿಜ್‌ಗಳಲ್ಲಿ ಮೆತ್ತನೆ ರಬ್ಬರು ಹಾಕ್ತಿದ್ರು, ಅವೆಲ್ಲ ಈಗ ಕರಗಿ ಡಾಂಬರು. ಧಣಿಗಳ ಕಾರಿಂದು ಹಾಗೇ ಆಗಿತ್ತು, ಟೇಪಿನ ಮೇಲೆಲ್ಲ ಮೆತ್ತಿಕೊಂಡು ಒಂದು ಮೊಳ ಕತ್ತರಿಸಬೇಕಾಯ್ತು. ಕ್ಯಾಸೆಟ್ಟಲ್ಲಿ ಈ ಗಾಲಿ ಪ್ಲೇಯರಿನ ಪಾಲು, ಕೆಟ್ರೆ ಒಂದು ಬದಲಾಯಿಸಿದ್ರೆ ಆಯ್ತು. ಇದರಲ್ಲಿ ಪ್ರತಿ ಡಬ್ಬಿಗೂ ಒಂದೊಂದು. ಅಗ್ಗಕ್ಕೆ ಮಾಡಿದ ಸಾಮಾನಿನೊಳಗೆ ಬೇಗ ಕೆಡೋದನ್ನೆಲ್ಲ ತುಂಬಿಟ್ಟವನ ಬುದ್ಧಿಗೆ ನಾನು ನೂರಕ್ಕೆ ಮೂವತ್ತೈದು ಮಾರ್ಕು ಕೊಡ್ತೀನಿ.

ಹುಡುಗಿ: ಇದು ಆಯ್ತು. ಕ್ಯಾಸೆಟ್ಟು ಕೊಡಲಾ? ಮೂಗಿನ ಹತ್ರ ತರಬೇಡಿ, ವಾಸನೆ ಇದೆ.

ದೊಡ್ಡಪ್ಪ: ಬೂಷ್ಟು. ನಮ್ಮ ಕಡೆ ಕ್ಯಾಸೆಟ್ಟಿಗೆ ಬರೋ ದೊಡ್ಡ ಕಾಯಿಲೆ ಇದೇ. ಆ ಕಡೆ ಭದ್ರಾ, ಈ ಕಡೆ ಅಡಿಕೆ ತೋಟ, ಮಳೆಗಾಲದಲ್ಲಿ ಅಟ್ಟದ ಮೇಲೆ ಚಪ್ಪಲಿಗೂ ಗಡ್ಡ ಬರುತ್ತೆ. ಕಿಂಡಿಯಲ್ಲಿ ನೋಡು, ಸುರುಳಿ ಅಂಚಲ್ಲಿ ರಂಗೋಲಿಪುಡಿ ಉದುರಿಸಿದ ಹಾಗೆ. ಇದನ್ನ ನೋಡದೆ ಮಿಷನ್ನಿಗೆ ಹಾಕಿದ್ದಾನಲ್ಲ! ಬೆಂಗಳೂರಿನವನು ನಮ್ಮ ಕ್ಯಾಸೆಟ್ಟೂ ಕೆಡಿಸಿದ, ಆಮೇಲೆ ಹಾಕಿದ ಬೇರೆಯವರ ಕ್ಯಾಸೆಟ್ಟಿಗೂ ಬೂಷ್ಟು ಹಂಚಿದ.

ಹುಡುಗಿ: ಬಿಸಿಲಿಗೆ ಇಟ್ರೆ?

ದೊಡ್ಡಪ್ಪ: ಹಪ್ಪಳ ಅಲ್ಲ ಕಣೇ. ಶೂ ಡಬ್ಬೀಲಿ ಸಣ್ಣ ಪೊಟ್ಟಣ ಬರುತ್ತಲ್ಲ, ಸಿಲಿಕಾ ಜೆಲ್, ಹತ್ತಿಪ್ಪತ್ತು ಸೇರಿಸಿ ಸ್ಟೀಲ್ ಡಬ್ಬೀಲಿ ಕ್ಯಾಸೆಟ್ಟಿನ ಜೊತೆ ಒಂದು ವಾರ ಮುಚ್ಚಿಡ್ತೀನಿ. ಬೂಷ್ಟು ಒಣಗಿ ಪುಡಿ ಆಗಬೇಕು. ಹಸಿ ಇರುವಾಗ ಒರೆಸಿದ್ರೆ ಟೇಪಿಗೇ ಬಳಿದ ಹಾಗೆ. ಆಮೇಲೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಅಂಗಳದಲ್ಲಿ ಕೂತು, ಒಂದು ಕೈಲಿ ಸುತ್ತುತ್ತಾ, ನೂಲು ಬಿಡದ ಬಟ್ಟೆ ನಡುವೆ ಟೇಪು ಹಾಯಿಸೋದು. ಇದು ಅರವತ್ತು ನಿಮಿಷದ್ದು, ಒಳಗೆ ಸುಮಾರು ತೊಂಬತ್ತು ಮೀಟರ್ ಟೇಪು. ಒಂದು ಹಗಲಿನ ಕೆಲಸ. ತೊಂಬತ್ತು ನಿಮಿಷದ್ದಾಗಿದ್ರೆ ಇನ್ನೂ ತೆಳ್ಳಗಿರ್ತಿತ್ತು, ಎಳೆಯೋಕೇ ಭಯ. ಅದಕ್ಕೇ ಆಗ ನಾನು ತುಂಬೋರಿಗೆಲ್ಲ ಹೇಳ್ತಿದ್ದೆ, ದುಡ್ಡುಳಿಸೋಕೆ ಉದ್ದದ್ದು ತಗೋಬೇಡಿ ಅಂತ. 1987ರಲ್ಲಿ 'ಪ್ರೇಮಲೋಕ' ಬಂದಾಗ ಯಾರು ಕೇಳ್ತಾರೆ? ಎಲ್ಲರಿಗೂ ಒಂದೇ ಕ್ಯಾಸೆಟ್ಟಲ್ಲಿ ಎರಡು ಸಿನಿಮಾ ಹಾಡು ಬೇಕು.

ಹುಡುಗಿ: ಡಬ್ಬಿ ಬಿಚ್ಚೋಕೆ ಇದಕ್ಕೆ ಐದು ಸ್ಕ್ರೂ ಕಾಣುತ್ತೆ.

ದೊಡ್ಡಪ್ಪ: ಸ್ಕ್ರೂ ಇರೋದು ಒಳ್ಳೇ ಜಾತಿ. ಅಗ್ಗದ ಕ್ಯಾಸೆಟ್ಟುಗಳನ್ನ ಅಂಟಿಸಿಬಿಡ್ತಿದ್ರು, ಅಂಥದ್ದನ್ನ ಒಡೆದು, ಒಳಗಿನ ಸುರುಳೀನ ಬೇರೆ ಖಾಲಿ ಡಬ್ಬಿಗೆ ವರ್ಗ ಮಾಡೋದು. ಇದನ್ನೂ ವರ್ಗ ಮಾಡ್ತೀನಿ, ಡಬ್ಬೀಲೆಲ್ಲ ಬೂಷ್ಟಿದೆ. ಒಳಗೆ ತಾಮ್ರದ ಬಣ್ಣದ ಸ್ಪ್ರಿಂಗ್ ಮೇಲೆ ಕೂತಿದ್ದ ಫೆಲ್ಟಿನ ತುಂಡೂ ಬಿದ್ದುಹೋಗಿದೆ. ನೋಡಿದ್ಯಾ, ಇಲ್ಲೂ ಸತ್ತಿರೋದು ಅದೇ ಜಾತಿಯ ಕಸ.

ಹುಡುಗಿ: ಹಾಳಾದ ಆ ಒಂದು ಗೇಣು?

ದೊಡ್ಡಪ್ಪ: ಕ್ಯಾಸೆಟ್ಟು ಸೆಕೆಂಡಿಗೆ ನಾಲ್ಕೂಮುಕ್ಕಾಲು ಸೆಂಟಿಮೀಟರ್ ಓಡುತ್ತೆ. ಒಂದು ಗೇಣು ಅಂದ್ರೆ ಹೆಚ್ಚುಕಮ್ಮಿ ಐದು ಸೆಕೆಂಡು. ಆದ್ರೆ ಟೇಪು ಒಂದೇ, ಬದಿ ಎರಡು. ಹಾಳಾಗಿರೋದು ಎ ಬದಿಯ ಶುರುವಲ್ಲಿ, ಅಂದ್ರೆ ಬಿ ಬದಿಯ ಕೊನೆಯಲ್ಲಿ. ಕೊನೆಗೆ ಏನೂ ತುಂಬಿಲ್ಲ, ನನಗೆ ನೆನಪಿದೆ, ರಾಗಿ ಮುಗಿದುಹೋಯ್ತು. ಎ ಬದಿಯ ಐದು ಸೆಕೆಂಡು ಈ ಇಟ್ಟಿಗೇಲಿದೆ. ಇಟ್ಟಿಗೆ ಮೇಲೆ ನಲವತ್ತು ನಿಮಿಷ ಅಂತಿದೆ. ಅಂದ್ರೆ ಹತ್ತು ಹತ್ತು ನಿಮಿಷದ ನಾಲ್ಕು ಸುತ್ತು, ಐವತ್ತೇಳು ಮೀಟರಿನ ಬಳೆ. ಕ್ಯಾಸೆಟ್ಟಿನ ಕೊನೆಯ ಹಾಡುಗಳು ಇದರಲ್ಲಿಲ್ಲ, ಜಾಗ ಸಾಲದೆ ಬಿಟ್ಟಿದಾನೆ. ಕ್ಯಾಸೆಟ್ಟಿನ ಮೊದಲ ಹಾಡಿನ ಬಾಯಿ ಅಲ್ಲಿಲ್ಲ. ಎರಡೂ ಸೇರಿದ್ರೇನೇ ಅವ್ವ ಪೂರ್ತಿ.

ಹುಡುಗಿ: ಹತ್ತು ನಿಮಿಷಕ್ಕೊಂದು ಸಲ ಟಕ್ ಅನ್ನುತ್ತೆ ಅಂದ್ರಲ್ಲ, ಹಾಡು ನಡುವೆ ಬಂದ್ರೆ?

ದೊಡ್ಡಪ್ಪ: ನಡುವೆ ಟಕ್ ಅನ್ನುತ್ತೆ, ಅರೆಗಳಿಗೆ ಉಸಿರು ಕಟ್ಟಿ ಮತ್ತೆ ಮುಂದುವರಿಯುತ್ತೆ. ಅಮೆರಿಕದ ದೊಡ್ಡ ದೊಡ್ಡ ಹಾಡುಗಾರರ ಹಾಡನ್ನೂ ಹೀಗೇ ಕತ್ತರಿಸಿ ಮಾರಿದ್ರು, ಜನ ಸಹಿಸಿಕೊಂಡ್ರು. ಇನ್ನೊಂದು ತಮಾಷೆ ಇದೆ. ಹೆಡ್ಡು ಕೂದಲೆಳೆ ಅತ್ತಿತ್ತ ಆದ್ರೆ ಪಕ್ಕದ ಸಾಲೂ ಕೇಳಿಸುತ್ತೆ. ಅವ್ವ ಹಾಡ್ತಿರುವಾಗಲೇ ಹಿಂದೆ ದೂರದಲ್ಲಿ ಅವ್ವನೇ ಇನ್ನೊಂದು ಪದ ಹೇಳ್ತಿರ್ತಾಳೆ. ಹೆದರಬೇಡ, ಒಂದು ಸ್ಕ್ರೂ ತಿರುಗಿಸಿದ್ರೆ ಸರಿಹೋಗುತ್ತೆ.

ಹುಡುಗಿ: ಪ್ಲೇಯರ್ ತರ್ತೀನಿ. ಮನೇದು ನೋಡೋಕೆ ಚೆನ್ನಾಗಿದೆ, ಮರದ ಪೆಟ್ಟಿಗೆ.

ದೊಡ್ಡಪ್ಪ: ಚೆಂದ ನೋಡಿ ಪ್ಲಗ್ಗಿಗೆ ಹಾಕ್ಬಿಟ್ಟೀಯ! ಅವರದ್ದು 110 ವೋಲ್ಟು, ನಮ್ಮದು 230, ಹೊಗೆ ಬರುತ್ತೆ. ವೋಲ್ಟೇಜ್ ಇಳಿಸೋ ಟ್ರಾನ್ಸ್‌ಫಾರ್ಮರ್ ಹಾಕಬಹುದು. ಆದ್ರೆ ಅವರ ಕರೆಂಟು 60 ಸೈಕಲ್, ನಮ್ಮದು 50. ಇಂಥ ಡೆಕ್ಕಿನ ಎಸಿ ಮೋಟರು ಆ ಲೆಕ್ಕಕ್ಕೇ ತಿರುಗೋದು. ಇಲ್ಲಿ ಆರಕ್ಕೆ ಐದರಷ್ಟೇ ಓಡುತ್ತೆ. ಹಾರ್ಮೋನಿಯಂನಲ್ಲಿ ಮೂರು ಮನೆ ಇಳಿದ ಹಾಗೆ, ಅವ್ವ ಹೋಗಿ ಅಪ್ಪ ಹಾಡಿದ ಹಾಗೆ ಕೇಳುತ್ತೆ. ಕಾರಿಂದು ತಾ. ಅದು 12 ವೋಲ್ಟು ಡಿಸಿ, ಕಾರು ಯಾವ ದೇಶದ್ದಾದ್ರೂ ಬ್ಯಾಟರಿ ಒಂದೇ.

ಹುಡುಗಿ: ಬ್ಯಾಟರಿ ಎಲ್ಲಿದೆ?

ದೊಡ್ಡಪ್ಪ: ಹಿತ್ತಲಲ್ಲಿ ಟ್ರ್ಯಾಕ್ಟರ್ ನಿಂತಿದೆಯಲ್ಲ. ಮೊದಲು ಪ್ಲೇಯರಿನ ಬೆಲ್ಟು ನೋಡಬೇಕು, ಅದೂ ರಬ್ಬರೇ, ಸಡಿಲಾಗಿದ್ರೆ ಬದಲಾಯಿಸಬೇಕು. ಹೆಡ್ಡು, ಟೇಪು ಎಳೆಯೋ ಉರುಟು ಕಂಬಿ ಎರಡನ್ನೂ ಐಪಿಎ, ಅಂದ್ರೆ ಐಸೊಪ್ರೊಪೈಲ್ ಆಲ್ಕೋಹಾಲಲ್ಲಿ ಒರೆಸಬೇಕು. ಮೊಬೈಲ್ ರಿಪೇರಿಯವರ ಹತ್ರ ಸಿಗುತ್ತೆ ಆ ಬಾಟ್ಲಿ. ಸ್ಪೀಕರ್ ತಂತಿಯನ್ನ ನೇರವಾಗಿ ನಿನ್ನ ಲ್ಯಾಪ್‌ಟಾಪಿಗೆ ಚುಚ್ಚಬೇಡ, ಸುಟ್ಟುಹೋಗುತ್ತೆ. ನಡುವೆ ರೆಸಿಸ್ಟರ್ ಹಾಕಿ ತಗ್ಗಿಸಿಕೊಡ್ತೀನಿ.

ಹುಡುಗಿ: ಫೈಲು ಸಿಕ್ಕಿದ ಮೇಲೆ ನಾನು ಚೊಕ್ಕ ಮಾಡಿಸ್ತೀನಿ. ಈಗ ಸಾಫ್ಟ್‌ವೇರ್ ಇದೆ, ಗುಂಯ್ ಅನ್ನೋ ಸದ್ದು, ಕೋಳಿ, ಬಸ್ಸಿನ ಹಾರ್ನು, ಮಧ್ಯೆ ಯಾರೋ ಮಾತಾಡಿದ್ದು ಎಲ್ಲ ತೆಗೆದು ಬರೀ ದನಿ ಇಡುತ್ತೆ.

ದೊಡ್ಡಪ್ಪ: ಗುಂಯ್ ಅನ್ನೋದು ಬೀಸೋ ಕಲ್ಲು! ಅದನ್ನ ತೆಗೆದ್ರೆ ಅವ್ವ ಯಾವ ತಾಳಕ್ಕೆ ಹಾಡ್ತಿದಾಳೆ? ಬೇಕಾದ್ರೆ ಒಂದು ನಕಲು ತೊಳೆದಿಟ್ಕೋ. ಮೊದಲು ಇಳಿಸಿದ್ದನ್ನ ಹಾಗೇ ಇಡು, ಮುಟ್ಟಬೇಡ. ಎಚ್.ಎಲ್. ನಾಗೇಗೌಡರು ಟೇಪ್ ರೆಕಾರ್ಡರ್ ಇಟ್ಟುಕೊಂಡು ಹಳ್ಳಿಹಳ್ಳಿ ಸುತ್ತಿ ಪದ ತುಂಬಿಸಿಕೊಂಡ್ರು, ಆಮೇಲೆ 1994ರಲ್ಲಿ ರಾಮನಗರದ ಹತ್ರ ಜಾನಪದ ಲೋಕ ಕಟ್ಟಿದ್ರು. ಅವರು ಹಾಡುವವರನ್ನ ಸ್ಟುಡಿಯೋಗೆ ಕರೆಸಿ ಕೂರಿಸಿದ್ದಿದ್ರೆ ಅರ್ಧ ಪದ ಬರ್ತಿರಲಿಲ್ಲ ಅಂತ ನನ್ನ ಎಣಿಕೆ.

ಹುಡುಗಿ: ಫೈಲು ಮಾಡಿಕೊಂಡ ಮೇಲೆ ಇವನ್ನ ಏನು ಮಾಡೋದು? ಮತ್ತೆ ಅಟ್ಟಕ್ಕಾ?

ದೊಡ್ಡಪ್ಪ: ಅಟ್ಟಕ್ಕೆ ಬೇಡ, ಬೀರುವಿಗೆ. ನಿಲ್ಲಿಸಿ ಇಡಬೇಕು, ಮಲಗಿಸಬಾರದು. ನುಸಿಗುಳಿಗೆ ಹಾಕಬೇಡ, ಅದರ ಆವಿಗೆ ಪ್ಲಾಸ್ಟಿಕ್ಕು ಮೆತ್ತಗಾಗುತ್ತೆ. ಸ್ಪೀಕರ್ ಪಕ್ಕ ಬೇಡ, ಅದರೊಳಗೆ ಅಯಸ್ಕಾಂತ. ಬಿಸಾಕೋ ಮಾತಂತೂ ಆಡಬೇಡ. ನಿನ್ನ ಹಳೇ ಫೋನಲ್ಲಿದ್ದ ಫೋಟೋ ಎಲ್ಲಿ ಹೋದವು? ಫೋನು ಬದಲಾಯಿಸಿದಾಗ ಹೋದವು ಅಂತ ನೀನೇ ಅತ್ತಿದ್ದೆ. ಈ ದೇವಸ್ಥಾನ ಕಟ್ಟಿದ್ದು 1196ರಲ್ಲಿ. ಅಲ್ಲಿನ ಶಾಸನದ ಪದ್ಯ ಬರೆದವನು ಜನ್ನ. ಓದೋರು ಕಡಿಮೆ ಆದ್ರು ಅಂತ ಯಾರೂ ಆ ಕಲ್ಲು ಎತ್ತಿ ಹೊರಗೆ ಹಾಕಿಲ್ಲ.

ಹುಡುಗಿ: ಕಲ್ಲಿಗೂ ಸ್ಪಾಂಜಿಗೂ ಹೋಲಿಕೇನಾ ದೊಡ್ಡಪ್ಪ!

ದೊಡ್ಡಪ್ಪ: ಹೋಲಿಸ್ತಿಲ್ಲ ಬಿಡು. ಕಲ್ಲಿನವನಿಗೆ ಸ್ಪಾಂಜಿನ ಚಿಂತೆ ಇರಲಿಲ್ಲ, ಪುಣ್ಯವಂತ. ಒಂದು ಮಾತ್ರ ಮಾಡು. ಅಮೆರಿಕದ ದೊಡ್ಡಪ್ಪನ ಹಾಗೆ ಮೇಲೆ ಬರೆದಿಡು, ಯಾರು, ಎಲ್ಲಿ, ಯಾವ ವರ್ಷ. ಬಾಲ್‌ಪೆನ್ನು ಬೇಡ, ಒತ್ತಿದ್ರೆ ಡಬ್ಬಿಗೆ ಏಟು. ಪೆನ್ಸಿಲ್ಲಲ್ಲಿ ಚೀಟಿ ಬರೆದು ಅಂಟಿಸು. ರಿಪೇರಿಗೆ ಬಂದ ಮನೆಯವರ ಕ್ಯಾಸೆಟ್ಟುಗಳಲ್ಲಿ ಅರ್ಧಕ್ಕೆ ಹೆಸರೇ ಇರಲ್ಲ. ಹಾಡುತ್ತೆ, ಯಾರು ಹಾಡಿದ್ದು ಅಂತ ಮನೆಯವರಿಗೇ ಗೊತ್ತಾಗಲ್ಲ.

ಹುಡುಗಿ: ಯಾವಾಗ ಬರ್ಲಿ?

ದೊಡ್ಡಪ್ಪ: ಸಿಲಿಕಾ ಜೆಲ್ಲಲ್ಲಿ ಒಂದು ವಾರ, ಒರೆಸೋಕೆ ಒಂದು ದಿನ. ಮುಂದಿನ ಭಾನುವಾರ ಬಿಟ್ಟು ಅದರಾಚೆ ಭಾನುವಾರ ಬಾ. ಇಟ್ಟಿಗೆಗೆ ಅಷ್ಟು ಬೇಕಿಲ್ಲ, ಆದ್ರೂ ಎರಡನ್ನೂ ಒಟ್ಟಿಗೇ ಕೇಳೋಣ. ಬರುವಾಗ ನಿಮ್ಮಪ್ಪನ್ನೂ ಕರ್ಕೊಂಡು ಬಾ. ನೀನು ಕತ್ತರಿಸ್ತೀನಿ ಅಂದೆಯಲ್ಲ, ಮಧ್ಯೆ ಬರೋ ಮಾತು, ಅದು ಎರಡನೇ ಪದ ನಿಲ್ಲಿಸಿ ಅವ್ವ ಬೈಯೋದು. ರಾಗಿ ಹಿಟ್ಟಿಗೆ ಕೈ ಹಾಕಿದವನು ಅವನೇ. ಆಗ ಅವನಿಗೆ ಹನ್ನೆರಡು ವರ್ಷ.